ಹಾವಸೆ ಉಂಡೆಯ ಗಿಡ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಜಪಾನಿನ ಕೊಕೆದಾಮ ಪದ್ಧತಿಯಲ್ಲಿ, ಅಂದರೆ ಬೇರಿನ ಸುತ್ತ ಮಣ್ಣಿನ ಉಂಡೆ ಕಟ್ಟಿ ಅದಕ್ಕೆ ಹಾವಸೆ ಹೊದಿಸಿ, ಮನಿಪ್ಲಾಂಟ್ ಬೆಳೆಸುತ್ತಿದ್ದೇನೆ. ಬೆಳಿಗ್ಗೆ, ಸಂಜೆ ತಪ್ಪದೆ ನೀರು ಚಿಮುಕಿಸುತ್ತೇನೆ. ಆದರೂ ಮೂರನೆಯ ವಾರಕ್ಕೆ ಎಲೆಗಳು ಜೋತುಬಿದ್ದಿವೆ. ಹಾವಸೆ ಮಾತ್ರ ಹಚ್ಚಹಸಿರಾಗಿದೆ. ತಪ್ಪು ಎಲ್ಲಿ ಆಗಿರಬಹುದು?

ಉತ್ತರ: ನೀವು ಚಿಮುಕಿಸಿದ ನೀರೆಲ್ಲ ಹಾವಸೆಗೇ ಸಂದಿದೆ, ಗಿಡದ ಬೇರಿಗೆ ತಲುಪಿಲ್ಲ ಎಂದು ತೋರುತ್ತದೆ. ಹಾವಸೆಗೆ ನಿಜವಾದ ಬೇರುಗಳಿಲ್ಲ. ಅದು ತನ್ನ ಪುಟ್ಟ ಎಲೆಗಳ ಮೈಯಿಂದಲೇ ನೀರು ಹೀರಿಕೊಳ್ಳುವುದರಿಂದ, ಮೇಲಿನ ಪದರ ಒದ್ದೆಯಾಗಿದ್ದರೆ ಸಾಕು, ಒಳಗಿನ ಮಣ್ಣು ಹೆಂಟೆಯಂತೆ ಒಣಗಿದ್ದರೂ ತಾನು ಹಸಿರಾಗಿಯೇ ಇರುತ್ತದೆ. ಕೊಕೆದಾಮವನ್ನು ಹೊಸದಾಗಿ ಕಲಿಯುವವರನ್ನು ಈ ಹಸಿರಿನಷ್ಟು ದಾರಿ ತಪ್ಪಿಸುವುದು ಬೇರೊಂದಿಲ್ಲ.

ಒಂದು ಬೋಗುಣಿಯಲ್ಲಿ ನೀರು ತುಂಬಿ ಉಂಡೆಯನ್ನು ಅದರಲ್ಲಿ ಇಳಿಸಿ. ಒಳಗೆ ಒಣಗಿದ್ದರೆ ಅದು ಮೊದಲು ತೇಲುತ್ತದೆ. ಅಂಗೈಯಿಂದ ಮೆಲ್ಲನೆ ಅದುಮಿ ಹಿಡಿದರೆ ಹಾವಸೆಯ ಎಳೆಗಳ ನಡುವಿನಿಂದ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಮೇಲೇಳುತ್ತವೆ. ಗುಳ್ಳೆಗಳು ನಿಲ್ಲುವವರೆಗೆ, ಅಂದರೆ ಸುಮಾರು 10 ನಿಮಿಷ ಬಿಟ್ಟು ಹೊರತೆಗೆಯಿರಿ. ಎರಡೂ ಅಂಗೈಗಳ ನಡುವೆ ಹಗುರವಾಗಿ ಒತ್ತಿ, ತೊಟ್ಟಿಕ್ಕುವುದು ನಿಂತ ಮೇಲೆ ಮತ್ತೆ ಅದರ ಸ್ಥಳದಲ್ಲಿಡಿ. ಪೀಟ್‌ನಂಥ (ಜೌಗಿನಲ್ಲಿ ಅರೆಕೊಳೆತ ಸಸ್ಯಗಳಿಂದಾದ) ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ಮೇಲಿನಿಂದ ಸುರಿದ ನೀರನ್ನು ಹೀರದೆ ಜಾರಿಸಿಬಿಡುತ್ತದೆ, ಹಾಗಾಗಿಯೇ ಮುಳುಗಿಸುವುದು ಅನಿವಾರ್ಯ.

ಮುಂದೆ ದಿನ ಎಣಿಸಿ ನೀರು ಕೊಡಬೇಡಿ, ತೂಕ ನೋಡಿ ಕೊಡಿ. ಚೆನ್ನಾಗಿ ನೆನೆದ ಉಂಡೆಯ ಭಾರ ಎಷ್ಟೆಂದು ಕೈಯಲ್ಲಿ ಹಿಡಿದು ನೆನಪಿಟ್ಟುಕೊಂಡು, ದಿನಕ್ಕೊಮ್ಮೆ ಎತ್ತಿ ನೋಡುತ್ತಿದ್ದರೆ, ಹಗುರವಾದದ್ದು ಕೈಗೇ ತಿಳಿಯುತ್ತದೆ. ಇನ್ನೊಂದು ಮಾತು: ನೀರು ಹೆಚ್ಚಾಗಿ ಬೇರು ಕೊಳೆತಾಗಲೂ ಎಲೆ ಹೀಗೆಯೇ ಜೋತುಬೀಳುತ್ತದೆ. ಉಂಡೆ ಭಾರವಾಗಿದ್ದೂ ಗಿಡ ಬಾಡಿದ್ದರೆ ನೀರು ತೋರಿಸದೆ ಗಾಳಿಯಾಡುವ ಕಡೆ ಇಡಿ.

ಪ್ರಶ್ನೆ: ಸಾಮಾನ್ಯ ತೋಟದ ಮಣ್ಣಿನಲ್ಲಿ ಉಂಡೆ ಕಟ್ಟಿದರೆ ಎರಡೇ ದಿನದಲ್ಲಿ ಬಿರುಕು ಬಿಡುತ್ತದೆ. ಜಪಾನಿನಲ್ಲಿ ಯಾವ ಮಣ್ಣು ಬಳಸುತ್ತಾರೆ?

ಉತ್ತರ: ಅಲ್ಲಿ ಮುಖ್ಯವಾಗಿ ಬಳಸುವುದು ಕೆತೊ ಮಣ್ಣು. ಜೌಗು ನೆಲದಲ್ಲಿ ಜೊಂಡು ಮೊದಲಾದ ನೀರುಗಿಡಗಳು ಬಹುಕಾಲ ಕೊಳೆತು ಆಗುವ ಈ ಕಪ್ಪು ಮಣ್ಣು ಜೇಡಿಯಂತೆ ಅಂಟುತ್ತದೆ. ಅದಕ್ಕೆ ಅಕದಾಮ ಎಂಬ, ಜ್ವಾಲಾಮುಖಿಯ ಬೂದಿಯಿಂದಾದ ಮಣ್ಣಿನ ಹರಳುಗಳನ್ನು ಬೆರೆಸುತ್ತಾರೆ. ಏಳು ಪಾಲು ಕೆತೊ, ಮೂರು ಪಾಲು ಅಕದಾಮ ಎಂಬುದು ರೂಢಿಯ ಲೆಕ್ಕ. ಕೆತೊ ಉಂಡೆಯನ್ನು ಹಿಡಿದಿಟ್ಟರೆ ಅಕದಾಮ ಬೇರಿಗೆ ಉಸಿರಾಡಲು ಎಡೆ ಮಾಡಿಕೊಡುತ್ತದೆ. ಇವು ಸಿಗದಿದ್ದರೆ ಪೀಟ್ ಅಥವಾ ತೆಂಗಿನ ನಾರಿನ ಪುಡಿಗೆ ಜೇಡಿಮಣ್ಣು ಸೇರಿಸಿ, ಸ್ವಲ್ಪ ಸ್ವಲ್ಪವೇ ನೀರು ಹಾಕುತ್ತಾ ನಾದಿಕೊಳ್ಳಿ. ಮುಷ್ಟಿಯಲ್ಲಿ ಹಿಡಿದು ಉಂಡೆ ಮಾಡಿ ಒಂದು ಗೇಣು ಮೇಲಕ್ಕೆ ಚಿಮ್ಮಿ ಹಿಡಿದಾಗ ಸೀಳದಿದ್ದರೆ ಹದ ಬಂದಿದೆ ಎಂದು ತಿಳಿಯಬಹುದು. ಹಾವಸೆ ಹೊದಿಸಿದ ಮೇಲೆ ದಾರವನ್ನು ಎಲ್ಲ ದಿಕ್ಕಿನಿಂದಲೂ ಸುತ್ತಬೇಕು. ಹತ್ತಿಯ ದಾರ ಕೆಲವು ತಿಂಗಳಲ್ಲಿ ಕೊಳೆತು ಹೋಗುತ್ತದೆ. ಅಷ್ಟರಲ್ಲಿ ಹಾವಸೆ ಮಣ್ಣಿಗೆ ಕಚ್ಚಿಕೊಂಡಿರಬೇಕು. ನೇತುಹಾಕುವ ಉಂಡೆಗೆ ನೈಲಾನ್ ದಾರವೇ ಸುರಕ್ಷಿತ.

ಅಂದಹಾಗೆ, ಕೊಕೆ ಎಂದರೆ ಹಾವಸೆ, ತಾಮ ಎಂದರೆ ಉಂಡೆ. ಎರಡೂ ಕೂಡಿದಾಗ ತಕಾರ ದಕಾರವಾಗುತ್ತದೆ. ಕನ್ನಡದ ಆದೇಶ ಸಂಧಿ ಬಲ್ಲವರಿಗೆ ಇದು ಹೊಸದೇನಲ್ಲ.

ಪ್ರಶ್ನೆ: ನನ್ನ ಉಂಡೆಯಲ್ಲಿ ಗಿಡ ಚೆನ್ನಾಗಿದೆ, ಹಾವಸೆಯೇ ಕಂದಾಗಿದೆ. ಅದನ್ನು ಕಿತ್ತು ಬೇರೆ ಹೊದಿಸಬೇಕೇ?

ಉತ್ತರ: ಅವಸರ ಮಾಡಬೇಡಿ. ಮುಟ್ಟಿದಾಗ ಗರಿಗರಿಯಾಗಿದ್ದರೆ ಅದು ಸತ್ತಿರಲಾರದು. ಅನೇಕ ಜಾತಿಯ ಹಾವಸೆಗಳು ಒಣಗಿದಾಗ ಮುದುಡಿಕೊಂಡು ಸುಮ್ಮನಿದ್ದು, ನೀರು ಸಿಕ್ಕಾಗ ಮತ್ತೆ ಬಿಚ್ಚಿಕೊಳ್ಳುತ್ತವೆ. ಕಪ್ಪಾಗಿ ಲೋಳೆಯಾಗಿದ್ದರೆ ಮಾತ್ರ ಆ ಭಾಗವನ್ನು ತೆಗೆದುಹಾಕಬೇಕು. ನೇರ ಬಿಸಿಲು, ಫ್ಯಾನ್ ಅಥವಾ ಎಸಿಯ ಒಣಗಾಳಿ, ಲವಣ ಹೆಚ್ಚಿರುವ ಗಡಸು ನೀರು, ಇವು ಮೂರೂ ಹಾವಸೆಗೆ ಆಗದವು. ಗಡಸು ನೀರನ್ನು ಕುದಿಸಿ ಆರಿಸಿದರೂ ಲವಣವೆಲ್ಲ ಹೋಗುವುದಿಲ್ಲವಾದ್ದರಿಂದ ಮಳೆನೀರು ಹಿಡಿದಿಟ್ಟುಕೊಳ್ಳುವುದೇ ಮೇಲು. ರಾಸಾಯನಿಕ ಗೊಬ್ಬರವೂ ಲವಣವೇ. ಗಿಡಕ್ಕೆ ಕೊಡಲೇಬೇಕೆನಿಸಿದರೆ ಪೊಟ್ಟಣದಲ್ಲಿ ಹೇಳಿದ ಪ್ರಮಾಣದ ಕಾಲುಭಾಗವನ್ನಷ್ಟೇ ನೆನೆಸುವ ನೀರಿಗೆ ಸೇರಿಸಿ. ಹೊಸ ಹಾವಸೆ ಬೇಕೆಂದು ಕಾಡಿನ ಬಂಡೆಗಳಿಂದ ಹಾಸು ಹಾಸಾಗಿ ಎಬ್ಬಿಸಿ ತರಬೇಡಿ ಎಂದು ವಿನಂತಿ. ಒಂದು ಗಳಿಗೆಯಲ್ಲಿ ಕೆರೆದು ತಂದದ್ದು ಅಲ್ಲಿ ಮತ್ತೆ ಹರಡಲು ವರ್ಷಗಳೇ ಹಿಡಿಯುತ್ತವೆ.

ಪ್ರಶ್ನೆ: ಹಾವಸೆಯ ಉಂಡೆಯಲ್ಲಿ ಕಳ್ಳಿ ಬೆಳೆಸಬಹುದೇ?

ಉತ್ತರ: ಬೇಡ. ಹಾವಸೆಗೆ ಬೇಕಾದ ತೇವ ಕಳ್ಳಿಯ ಬೇರನ್ನು ಕೊಳೆಸುತ್ತದೆ. ಜರೀಗಿಡ, ಪೀಸ್ ಲಿಲ್ಲಿ, ಫಿಲೊಡೆಂಡ್ರಾನ್ ಮುಂತಾದ, ನೆರಳು ಮತ್ತು ತೇವ ಎರಡನ್ನೂ ಒಪ್ಪುವ ಗಿಡಗಳನ್ನು ಆರಿಸಿಕೊಳ್ಳಿ. ಬೇರುಗಳು ಹಾವಸೆಯನ್ನು ತೂರಿ ಹೊರಗೆ ಕಾಣಿಸಿಕೊಂಡಾಗ, ಹಳೆಯ ಉಂಡೆಯನ್ನು ಒಡೆಯದೆ ಅದರ ಮೇಲೆಯೇ ಹೊಸ ಮಣ್ಣು ಮೆತ್ತಿ ಮತ್ತೆ ಹಾವಸೆ ಹೊದಿಸಬಹುದು.