ಗಾಡಿ ಮಾತು: ಇನ್ನೂ ರಿಪೇರಿ ಮಾಡಿಸಲೇ, ಮಾರಿಬಿಡಲೇ?

ಪ್ರಶ್ನೆ: ಅಣ್ಣಾ, ನಾನು ಶ್ರೀನಿವಾಸಪುರದ ಕಡೆ ಪ್ರೈಮರಿ ಶಾಲೆ ಮೇಷ್ಟ್ರು. 2012ರ ಪೆಟ್ರೋಲ್ ಕಾರಿಗೆ ಮೂರನೇ ಓನರ್. ಹೋದ ವರ್ಷದಿಂದ ದಾರಿಯಲ್ಲಿ ಹೀಟಾಗಿ ನಿಲ್ಲುತ್ತಿದೆ. ರೇಡಿಯೇಟರ್, ಫ್ಯಾನ್ ಮೋಟರ್, ಹೋಸ್ ಎಲ್ಲಾ ಹೊಸದು ಹಾಕಿಸಿದೆ. ಬಿಸಿ ನೋಡಿ ನೀರಿನ ದಾರಿ ತೆರೆಯೋ ಥರ್ಮೋಸ್ಟಾಟ್ ತೆಗೆದೇ ಬಿಟ್ಟರು. ಆದರೂ ನೀರು ಇಳಿಯುತ್ತೆ, ಕೆಳಗೆ ಒಂದು ತೊಟ್ಟೂ ಸೋರಲ್ಲ. ಬಿಳಿ ಹೊಗೆ ಬೇರೆ. ಇದುವರೆಗೆ 62,000 ಹೋಯಿತು. ಈಗ ಇನ್ನೊಬ್ಬ ಮೆಕ್ಯಾನಿಕ್ ಹೆಡ್ (ಇಂಜಿನ್ ಬ್ಲಾಕ್ ಮೇಲೆ ಕೂರೋ ಮುಚ್ಚಳದಂಥ ಭಾಗ) ಇಳಿಸಬೇಕು, 20,000 ಅಂತಾನೆ. ಬ್ರೋಕರ್ 80,000ಕ್ಕೆ ಕೇಳ್ತಿದ್ದಾನೆ. ಅಮ್ಮನನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕೋಲಾರಕ್ಕೆ ಕರಕೊಂಡು ಹೋಗಬೇಕು. ಮನೆಯವಳು ಮಾರಿ ಅಂತಾಳೆ. ಅಷ್ಟು ದುಡ್ಡು ಸುರಿದು ಬಿಡೋಕೆ ಮನಸ್ಸು ಬರ್ತಿಲ್ಲ.
(ಹೆಸರು ಬೇಡ)

ಉತ್ತರ: ಮೇಷ್ಟ್ರೇ, ಮೊದಲು ಆ 62,000ಕ್ಕೆ ಎಳ್ಳುನೀರು ಬಿಡಿ. ಇನ್ನು ಮುಂದೆ ಹಾಕುವ ದುಡ್ಡು ಎಷ್ಟು, ಅದಕ್ಕೆ ಏನು ಸಿಗುತ್ತೆ ಅನ್ನೋದಷ್ಟೇ ಲೆಕ್ಕ.

ನಿಮ್ಮ ಗಾಡಿಗೆ ಹತ್ತು ಕಾಯಿಲೆ ಇಲ್ಲ, ಇರೋದು ಒಂದೇ ಅಂತ ನನ್ನ ಅನುಮಾನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂಗೆ ಸುತ್ತಮುತ್ತಲ ಸಾಮಾನೆಲ್ಲ ಬದಲಾಯಿಸಿದ್ದಾರೆ. ಹೊರಗೆ ಸೋರದೆ ನೀರು ಕಮ್ಮಿಯಾಗುತ್ತೆ ಅಂದರೆ ಅದು ಒಳಗೆ ಹೋಗ್ತಿದೆ. ಹೆಡ್‌ಗೂ ಬ್ಲಾಕ್‌ಗೂ ನಡುವೆ ಇರೋ ತೆಳು ಹಾಳೆ, ಅಂದರೆ ಗ್ಯಾಸ್ಕೆಟ್ ಸುಟ್ಟಿದ್ದರೆ ಸಿಲಿಂಡರಿನ ಬಿಸಿ ಗಾಳಿ ನೀರಿನ ದಾರಿಗೆ ನುಗ್ಗುತ್ತೆ, ನೀರು ಸಿಲಿಂಡರಿಗೆ ಇಳಿದು ಸೈಲೆನ್ಸರಿನಲ್ಲಿ ಬಿಳಿ ಹೊಗೆಯಾಗಿ ಬರುತ್ತೆ. ಚಳಿಗಾಲದ ಬೆಳಿಗ್ಗೆ ಸ್ವಲ್ಪ ಹೊತ್ತು ಬರುವ ಹೊಗೆಗೆ ಹೆದರಬೇಡಿ, ಅದು ಎಲ್ಲಾ ಗಾಡಿಯಲ್ಲೂ ಬರುತ್ತೆ. ಇಂಜಿನ್ ಕಾದ ಮೇಲೂ ನಿಲ್ಲದಿದ್ದರೆ ನೋಡಬೇಕಾದ್ದೇ.

ನೀವೇ ಒಂದು ಪರೀಕ್ಷೆ ಮಾಡಿ. ರಾತ್ರಿಯೆಲ್ಲ ನಿಂತ ಗಾಡಿ, ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿಸಿ. ನೀರಿನಲ್ಲಿ ಗುಳ್ಳೆ ಒಂದೇ ಸಮನೆ ಏಳ್ತಾ ಇದ್ದರೆ ಗ್ಯಾಸ್ಕೆಟ್ ಮೇಲೇ ಅನುಮಾನ. ಬಿಸಿಯಿರುವಾಗ ಮಾತ್ರ ಆ ಕ್ಯಾಪ್ ಮುಟ್ಟಬೇಡಿ, ಮುಖಕ್ಕೇ ಎರಚುತ್ತೆ. ಆಯಿಲ್ ಕಡ್ಡಿಯನ್ನೂ ಎಳೆದು ನೋಡಿ, ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಗಾಡಿ ಓಡಿಸೋದನ್ನು ಅವತ್ತೇ ನಿಲ್ಲಿಸಿ.

ಹೆಡ್ ಬಿಚ್ಚೋಕೆ ಮುಂಚೆ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಇದನ್ನು ಬಿಟ್ಟು ಯಾರೂ 20,000ಕ್ಕೆ ಒಪ್ಪಬಾರದು. ಪ್ರತಿ ಸಿಲಿಂಡರಿಗೂ ಗೇಜ್ ಹಾಕಿ ಒಳಗಿನ ಒತ್ತಡ ಅಳೆಯುತ್ತಾರೆ, ದೊಡ್ಡ ಖರ್ಚಿನ ಕೆಲಸ ಅಲ್ಲ. ಒಂದು ಅಥವಾ ಪಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ಕಮ್ಮಿ ತೋರಿಸಿ, ಉಳಿದದ್ದು ಸರಿಯಿದ್ದರೆ ಹೆಡ್ ಇಳಿಸಿ, ಮಾಡಿಸಬಹುದು. ಎಲ್ಲವೂ ಕಮ್ಮಿಯಿದ್ದು, ಆಯಿಲ್ ಹಾಕುವ ಕ್ಯಾಪ್ ತೆಗೆದರೆ ಬುಸುಬುಸು ಹೊಗೆ ಬರುತ್ತಿದ್ದರೆ ಪಿಸ್ಟನ್, ರಿಂಗ್, ಬೋರ್ ಎಲ್ಲಾ ಸವೆದಿದೆ. ಆಗ ಒಂದು ರೂಪಾಯಿಯನ್ನೂ ಹಾಕಬೇಡಿ, ಇದ್ದಹಾಗೆ ಕೊಟ್ಟುಬಿಡಿ.

ಮಾಡಿಸೋದೇ ಆದರೆ ಬರೀ ಗ್ಯಾಸ್ಕೆಟ್ ಬದಲಾಯಿಸಿ ಕೂರಿಸೋಕೆ ಬಿಡಬೇಡಿ. ಅಷ್ಟು ಸಲ ಹೀಟಾದ ಅಲ್ಯೂಮಿನಿಯಂ ಹೆಡ್ ಬಾಗಿರುವ ಸಂಭವ ಜಾಸ್ತಿ. ಮಟ್ಟ ನೋಡಿಸಿ, ಬೇಕಾದರೆ ಫೇಸಿಂಗ್ (ಯಂತ್ರದಲ್ಲಿ ಉಜ್ಜಿ ಮಟ್ಟ ಮಾಡೋದು) ಮಾಡಿಸಿ, ಸೀಳು ಬಿಟ್ಟಿದೆಯೇ ಪರೀಕ್ಷೆ ಮಾಡಿಸಿ. ತೆಗೆದುಹಾಕಿದ ಥರ್ಮೋಸ್ಟಾಟ್ ಮತ್ತೆ ಹಾಕಿಸಿ. ಅದಿಲ್ಲದಿದ್ದರೆ ಇಂಜಿನ್ ಸರಿಯಾಗಿ ಕಾಯದೆ ಪೆಟ್ರೋಲ್ ಕುಡಿಯುತ್ತೆ. ಇನ್ನೊಂದು: ನಮ್ಮ ಕಡೆ ಬೋರ್‌ವೆಲ್ ನೀರು ಹಂಡೆಯಲ್ಲೇ ಬಿಳಿ ಪದರ ಕಟ್ಟುತ್ತೆ, ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಬಿಡುತ್ತದೆಯೇ? ಕೂಲೆಂಟ್ ಹಾಕಿ. ತೋಟದ ಮೋಟರ್ ಮುಂದೆ ಗಾಡಿ ನಿಲ್ಲಿಸಿ ಬಿಂದಿಗೆಯಲ್ಲಿ ಸುರಿಯೋ ಅಭ್ಯಾಸ ಬೇಡ.

ನಿಮ್ಮ ಮನೆಯವರ ಮಾತು ಅರ್ಧ ಸರಿ. ಮಾರಿದ ಮೇಲೆ ಬೇರೆ ಗಾಡಿ ಬೇಕಲ್ಲ? ಶೇ 12ರ ಬಡ್ಡಿಗೆ 3 ಲಕ್ಷ ಸಾಲ ತೆಗೆದರೆ 3 ವರ್ಷ ತಿಂಗಳಿಗೆ ಹತ್ತಿರಹತ್ತಿರ 10,000 ಕಂತು. ಅದೂ ಇನ್ಯಾರೋ ಹೀಟ್ ಮಾಡಿ ಬಿಟ್ಟ ಗಾಡಿಯೇ ಆಗಿರಬಹುದು. 20,000 ಅಂದರೆ ಎರಡು ಕಂತು. ಹಾಗಂತ ಕೊನೆಯಿಲ್ಲದೆ ಹಾಕೋದೂ ಬೇಡ. 2012ರ ಗಾಡಿ ಅಂದರೆ 2027ಕ್ಕೆ ಆರ್‌ಸಿಗೆ 15 ವರ್ಷ ತುಂಬುತ್ತೆ. ನವೀಕರಣಕ್ಕೆ 5,000 ಶುಲ್ಕ, ಮೇಲೆ ಹಸಿರು ತೆರಿಗೆ, ಫಿಟ್‌ನೆಸ್‌ಗೆ ಲೈಟು, ಬ್ರೇಕು, ಟೈರು ಸರಿಯಿರಬೇಕು. ಕಂಪ್ರೆಷನ್ ಚೆನ್ನಾಗಿದ್ದರೆ ಈ ಒಂದು ಕೆಲಸ ಮಾಡಿಸಿ 2027ರವರೆಗೆ ಓಡಿಸಿ. ಅಷ್ಟರೊಳಗೆ ಮತ್ತೆ ಇಂಜಿನ್ ಕೆಲಸ ಬಂದರೆ ಮಾರಿ. ಬ್ರೋಕರ್ ಹೇಳಿದ 80,000 ಬಾನೆಟ್ ಎತ್ತದೆ ಹೇಳಿದ್ದು, ಎತ್ತಿದ ಮೇಲೆ ಎಷ್ಟಕ್ಕೆ ಇಳಿಯುತ್ತಾನೆ ನೋಡಿ.

ಅಮ್ಮನ ವಿಷಯ ಬೇರೆ. ರಿಪೇರಿಯಾಗಿ ಒಂದು ತಿಂಗಳು ನೀವೊಬ್ಬರೇ ಓಡಿಸಿ ನೋಡುವವರೆಗೆ ಡಯಾಲಿಸಿಸ್ ದಿನ ಈ ಕಾರು ತೆಗೆಯಬೇಡಿ. ಗೊತ್ತಿರುವ ಬಾಡಿಗೆ ಗಾಡಿಯವರ ಹತ್ತಿರ ತಿಂಗಳ ಲೆಕ್ಕ ಮಾತಾಡಿಕೊಳ್ಳಿ. ಆ ಖರ್ಚನ್ನೂ ರಿಪೇರಿ ಲೆಕ್ಕಕ್ಕೇ ಸೇರಿಸಿ.

ಪ್ರಶ್ನೆ: ಡೀಸೆಲ್ ಕಾರು 10 ವರ್ಷ ಆದರೆ ಗುಜರಿಗೆ ಹಾಕಬೇಕಂತೆ, ಅದಕ್ಕೇ ಈಗಲೇ ಕಮ್ಮಿಗೆ ಕೊಡಿ ಅಂತ ಒಬ್ಬರು ಕೇಳ್ತಿದ್ದಾರೆ. ನಿಜವೇ?
(ಓದುಗರು, ಮಾಲೂರು)

ಉತ್ತರ: ಆ 10 ವರ್ಷದ ಮಾತು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ್ದು, ಹಸಿರು ನ್ಯಾಯಮಂಡಳಿಯ ಆದೇಶದಿಂದ ಬಂದದ್ದು. ಮಾಲೂರಿಗೆ ಅದು ಅನ್ವಯಿಸಲ್ಲ. ನಿಮ್ಮ ಸ್ವಂತ ಬಳಕೆಯ ಕಾರಿಗೆ ಆರ್‌ಸಿ 15 ವರ್ಷ, ಆಮೇಲೆ ಫಿಟ್ ಇದ್ದರೆ 5 ವರ್ಷಕ್ಕೊಮ್ಮೆ ನವೀಕರಣ. ಕೇಳಿದವರಿಗೆ ಬೇರೆ ರೇಟು ಹೇಳಿ. ಕೊಟ್ಟರೆ ಮಾಲೀಕತ್ವ ಬದಲಾಯಿಸೋ ಫಾರಂ 29, 30ಕ್ಕೆ ಸಹಿ ಹಾಕಿಸಿ, 14 ದಿನದೊಳಗೆ ಆರ್‌ಟಿಒಗೆ ತಿಳಿಸಿ.