ಓದುಗರ ಪ್ರಶ್ನೆ: ಆ ಸುದ್ದಿ ಕೇಳಿದಾಗ ನಾನು ಎಲ್ಲಿದ್ದೆ?

ಪ್ರಶ್ನೆ: 1984ರಲ್ಲಿ ಇಂದಿರಾ ಗಾಂಧಿಯವರ ಹತ್ಯೆಯಾದಾಗ ನಾನು ಆರನೆಯ ತರಗತಿಯಲ್ಲಿದ್ದೆ. ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತಿದ್ದಾಗ ಹೆಡ್ ಮಾಸ್ತರರು ಸುದ್ದಿ ಹೇಳಿ ನಮ್ಮನ್ನು ಮನೆಗೆ ಕಳುಹಿಸಿದ್ದು, ಕೈಯಲ್ಲಿದ್ದ ಕೆಂಪು-ಹಳದಿ ಕಾಗದದ ಬಾವುಟವನ್ನು ನಾನು ಪಾಟಿಚೀಲದೊಳಗೆ ಮಡಚಿಟ್ಟದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ನನ್ನ ಅಣ್ಣ, ಅಂದು ನಮ್ಮೂರಿನ ಬುಧವಾರದ ಸಂತೆ, ಸಂಜೆ ನಾವಿಬ್ಬರೂ ಅಪ್ಪನೊಂದಿಗೆ ಕಿರಾಣಿ ಅಂಗಡಿಯ ಮುಂದೆ ನಿಂತು ರೇಡಿಯೊದಲ್ಲಿ ಕೇಳಿದೆವು ಎನ್ನುತ್ತಾರೆ. ಯುಗಾದಿಯ ದಿನ ಈ ಮಾತು ಜಗಳದವರೆಗೆ ಹೋಯಿತು. ಇಷ್ಟು ಸ್ಪಷ್ಟವಾದ ನೆನಪು ತಪ್ಪಾಗಿರಲು ಸಾಧ್ಯವೆ?
ಒಬ್ಬ ಓದುಗರು, ಗಂಗಾವತಿ ತಾಲೂಕು, ಕೊಪ್ಪಳ ಜಿಲ್ಲೆ

ಉತ್ತರ: ಮಾನ್ಯರೆ, ಮೊದಲು ದಿನಾಂಕಗಳನ್ನು ಜೋಡಿಸಿ ನೋಡೋಣ. ಇಂದಿರಾ ಗಾಂಧಿಯವರ ಮೇಲೆ ದಿಲ್ಲಿಯ ಅವರ ನಿವಾಸದಲ್ಲಿ ಗುಂಡಿನ ದಾಳಿ ನಡೆದದ್ದು 1984ರ ಅಕ್ಟೋಬರ್ 31ರಂದು, ಬೆಳಿಗ್ಗೆ ಒಂಬತ್ತು ಗಂಟೆ ದಾಟಿದ ಮೇಲೆ, ಅಂದು ಬುಧವಾರ. ಸುದ್ದಿ ಹಗಲಿನಲ್ಲಿಯೇ ಬಿಬಿಸಿಯ ಮೂಲಕ ಹರಡತೊಡಗಿದ್ದರೂ, ಅವರು ತೀರಿಕೊಂಡರೆಂದು ಆಕಾಶವಾಣಿ ಪ್ರಕಟಿಸಿದ್ದು ಸಂಜೆಗೆ. ಆದ್ದರಿಂದ ಅಂದಿನ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ನಿಮ್ಮ ಹೆಡ್ ಮಾಸ್ತರರಿಗೆ ಆ ಸಾವಿನ ವಿಷಯ ತಿಳಿದಿರಲಾರದು. ಸಂತೆ, ಸಂಜೆ, ರೇಡಿಯೊ, ಅಣ್ಣನವರ ಈ ಮೂರೂ ಮಾತುಗಳು ತಾಳೆಯಾಗುತ್ತವೆ.

ಹಾಗೆಂದು ನಿಮ್ಮ ನೆನಪನ್ನು ಕಲ್ಪನೆಯೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದಕ್ಕೆ ಕಾರಣ ನೀವು ಪಾಟಿಚೀಲದಲ್ಲಿಟ್ಟ ಆ ಬಾವುಟ. ಮರುದಿನ ನವೆಂಬರ್ 1, ಕನ್ನಡ ರಾಜ್ಯೋತ್ಸವ. ಕೆಂಪು-ಹಳದಿ ಬಾವುಟ ಹಿಡಿದ ಮಕ್ಕಳು ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲುವುದು ಆ ಬೆಳಿಗ್ಗೆಯೇ. ಹಬ್ಬಕ್ಕೆಂದು ಬಂದ ನಿಮಗೆ ಮಾಸ್ತರರು ಶೋಕದ ಸುದ್ದಿಯನ್ನು ವಿಧಿವತ್ತಾಗಿ ತಿಳಿಸಿ ಮನೆಗೆ ಕಳುಹಿಸಿರಬೇಕು. ಹಿಂದಿನ ಸಂಜೆ ಅಂಗಡಿಯ ಮುಂದೆ ಕೇಳಿದ್ದಕ್ಕಿಂತ ಆ ದೃಶ್ಯ ಹನ್ನೊಂದು-ಹನ್ನೆರಡು ವರ್ಷದ ಹುಡುಗನ ಮನಸ್ಸಿನಲ್ಲಿ ಆಳವಾಗಿ ಇಳಿದು, ಕಾಲಕ್ರಮದಲ್ಲಿ ಮೊದಲ ಸುದ್ದಿಯ ಸ್ಥಾನವನ್ನು ತಾನೇ ಪಡೆದುಕೊಂಡಿದೆ ಎಂಬುದು ನನ್ನ ಊಹೆ. ದೊಡ್ಡ ಸುದ್ದಿಯನ್ನು ನಾವು ಒಂದೇ ಸಲ ಕೇಳುವುದಿಲ್ಲ; ಎರಡನೆಯ ಅಥವಾ ಮೂರನೆಯ ಸಲ ಕೇಳಿದ್ದೇ ಮೊದಲನೆಯದೆಂದು ಉಳಿದುಬಿಡುವುದು ಸಾಮಾನ್ಯ.

ಇಂಥ ನೆನಪಿಗೆ ರೋಜರ್ ಬ್ರೌನ್ ಮತ್ತು ಜೇಮ್ಸ್ ಕುಲಿಕ್ ಎಂಬ ಮನೋವಿಜ್ಞಾನಿಗಳು 1977ರಲ್ಲಿ ‘ಫ್ಲ್ಯಾಶ್‌ಬಲ್ಬ್ ನೆನಪು’ ಎಂದು ಹೆಸರಿಟ್ಟರು. ಕ್ಯಾಮೆರಾದ ಬೆಳಕು ಮಿಂಚಿದಾಗ ಎದುರಿಗಿದ್ದುದೆಲ್ಲ ಹಾಗೆಯೇ ಅಚ್ಚಾಗುವಂತೆ ಎಂಬುದು ಅದರ ಭಾವ. ಆ ಅಚ್ಚು ಎಷ್ಟು ನಿಜವೆಂದು ಪರೀಕ್ಷಿಸಿದವರು ಉಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಶ್. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಗೊಂಡ ಮರುದಿನವೇ, ಸುದ್ದಿಯನ್ನು ಎಲ್ಲಿ, ಯಾರಿಂದ ಕೇಳಿದಿರಿ ಎಂದು ಅವರು ಅಮೆರಿಕದ ವಿದ್ಯಾರ್ಥಿಗಳಿಂದ ಬರೆಯಿಸಿಟ್ಟುಕೊಂಡು, ಎರಡೂವರೆ ವರ್ಷಗಳ ನಂತರ ಅವರಲ್ಲಿ 44 ಮಂದಿಗೆ ಅವೇ ಪ್ರಶ್ನೆಗಳನ್ನು ಕೇಳಿದರು. 11 ಮಂದಿ ಮುಖ್ಯ ವಿವರಗಳಲ್ಲಿ ಒಂದನ್ನೂ ಸರಿಯಾಗಿ ಹೇಳಲಿಲ್ಲ. ಎಲ್ಲವನ್ನೂ ಸರಿಯಾಗಿ ಹೇಳಿದವರು 3 ಮಂದಿ ಮಾತ್ರ. ಗೆಳೆಯರಿಂದ ಕೇಳಿದೆವೆಂದು ಅಂದು ಬರೆದಿದ್ದ ಕೆಲವರು ಟಿ.ವಿ.ಯಲ್ಲಿ ನೋಡಿದೆವೆಂದು ಈಗ ದೃಢವಾಗಿ ಹೇಳಿದರು. ತಮ್ಮದೇ ಕೈಬರಹವನ್ನು ಮುಂದಿಟ್ಟಾಗಲೂ ಅವರಿಗೆ ಹಳೆಯ ನೆನಪು ಮರಳಲಿಲ್ಲ. ನಿಮಗೆ ನಿಮ್ಮ ನೆನಪಿನಲ್ಲಿರುವ ವಿಶ್ವಾಸ ಅವರಿಗೂ ಇತ್ತು. ಅದಕ್ಕಾಗಿ ಅವರನ್ನು ಸುಳ್ಳುಗಾರರೆಂದು ಯಾರೂ ಕರೆಯಲಿಲ್ಲ. ನೀವೂ ಅಣ್ಣನವರೂ ಪರಸ್ಪರ ಹಾಗೆ ಅನ್ನಬೇಡಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಅಣ್ಣನವರ ಮಾತಿನಲ್ಲೂ ಪರೀಕ್ಷೆಗೆ ಒಳಪಡಿಸಬೇಕಾದ ಅಂಶವೊಂದಿದೆ: ದಿನ ಮತ್ತು ಹೊತ್ತು ಸರಿಯಾಗಿದ್ದರೂ, ಆ ಸಂಜೆ ನೀವು ಅವರೊಡನೆ ಇದ್ದಿರೆಂಬುದು ಅದರಿಂದ ಸಿದ್ಧವಾಗುವುದಿಲ್ಲ.

ನಾಲ್ಕು ದಶಕಗಳ ಹಿಂದಿನದನ್ನು ಈಗ ಇದಕ್ಕಿಂತ ಹೆಚ್ಚು ಸರಿಪಡಿಸಲಾಗದು. ಆದರೆ ನಿಮ್ಮ ಭಾಗದಲ್ಲಿ ಇನ್ನೂ ತೀರ ಹಳತಾಗದ ಒಂದು ರಾತ್ರಿಯಿದೆ. 2024ರ ಆಗಸ್ಟ್ 10ರ ಶನಿವಾರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಕಾಲುವೆಯ ನೀರನ್ನೇ ನಂಬಿ ಭತ್ತ ಬೆಳೆಯುವ ನಿಮ್ಮ ತಾಲೂಕಿನಲ್ಲಿ ಆ ಸುದ್ದಿ ಯಾರಿಗೆ ಎಷ್ಟು ಹೊತ್ತಿಗೆ ತಲುಪಿತು, ತಾತ್ಕಾಲಿಕ ಗೇಟು ಕೂರಿಸುವವರೆಗಿನ ಆ ಒಂದು ವಾರವನ್ನು ಯಾರು ಹೇಗೆ ಕಳೆದರು ಎಂಬುದನ್ನು ಮನೆಯವರೆಲ್ಲರೂ, ಪರಸ್ಪರ ಮಾತನಾಡಿಕೊಳ್ಳುವ ಮೊದಲೇ, ಬೇರೆ ಬೇರೆಯಾಗಿ ಬರೆದಿಡಿ. ಮೊಬೈಲಿನಲ್ಲಿ ಉಳಿದಿರುವ ಅಂದಿನ ಸಂದೇಶಗಳ ಸಮಯವನ್ನೂ ಜೊತೆಗೆ ಗುರುತಿಸಿಕೊಳ್ಳಿ.

ಅಣ್ಣನವರನ್ನು ಮತ್ತೆ ಕಂಡಾಗ ಸಂತೆಯ ಮಾತನ್ನು ಬದಿಗಿಟ್ಟು, 1984ರ ರಾಜ್ಯೋತ್ಸವದ ಬೆಳಿಗ್ಗೆ ನಿಮ್ಮಿಬ್ಬರ ಕೈಯಲ್ಲಿ ಏನಿತ್ತೆಂದು ಕೇಳಿ.