ಜಿಎಸ್‌ಎಂ ನೋಡಿ ಸ್ಕೆಚ್‌ಬುಕ್ ತಗೋಬೇಡಿ

ವಾಟರ್‌ಕಲರ್‌ಗೂ ಬೊಟಾನಿಕಲ್ ಪೇಂಟಿಂಗ್‌ಗೂ (ಗಿಡ, ಹೂವನ್ನು ಇದ್ದ ಹಾಗೇ ಸೂಕ್ಷ್ಮವಾಗಿ ಬರೆಯೋದು) ಆಗುವಂಥ ಒಂದೇ ಸ್ಕೆಚ್‌ಬುಕ್ ಬೇಕು, ಹಾಳೆಯ ತೂಕ 300 ಜಿಎಸ್‌ಎಂ ಇದ್ದರೆ ಸಾಕಲ್ವಾ ಅಂತ ಕೇಳಿದ್ದೀರಿ. ಸಾಕಾಗಲ್ಲ. ಇದೇ ಲೆಕ್ಕ ಹಾಕಿ ನಾನೂ ಒಂದು ಬುಕ್ ತಂದಿದ್ದೆ. ದಪ್ಪ ಹಾಳೆ, ಗಟ್ಟಿ ರಟ್ಟು, ಮೇಲೆ ದೊಡ್ಡಕ್ಷರದಲ್ಲಿ 300 ಜಿಎಸ್‌ಎಂ. ಅದರ ಕೆಳಗೇ ಸಣ್ಣಕ್ಷರದಲ್ಲಿ ಕೋಲ್ಡ್ ಪ್ರೆಸ್ ಅಂತಲೂ ಇತ್ತು. ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಶುರುವಿನಲ್ಲಿ ಎಲ್ಲ ಚೆನ್ನಾಗೇ ಇತ್ತು, ಮೋಸ ಆಗಿದ್ದೇ ಅಲ್ಲಿ. ಮೋಡ, ದೂರದ ಗುಡ್ಡ, ನೀರು ತುಂಬಿದ ದೊಡ್ಡ ವಾಶ್‌ಗಳು (ತೆಳು ಬಣ್ಣವನ್ನು ಅಗಲಕ್ಕೆ ಬಳಿಯೋದು), ಎಲ್ಲವನ್ನೂ ಆ ಹಾಳೆ ಸಲೀಸಾಗಿ ತಡೆದುಕೊಂಡಿತು. ಬುಕ್ ಸೂಪರ್ ಅಂತ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ಒಂದು ಬೆಳಗ್ಗೆ ಕೆಂಪು ದಾಸವಾಳ ಬರೆಯಲು ಕೂತೆ.

ದಾಸವಾಳ ಸುಲಭದ ಹೂವು ಅಂತ ಅನ್ನಿಸುತ್ತೆ. ಹತ್ತಿರದಿಂದ ನೋಡಿ. ಐದು ಎಸಳು, ಒಂದರ ಅಂಚು ಇನ್ನೊಂದರ ಮೇಲೆ ಸುತ್ತಿಕೊಂಡು ಕೂತಿರುತ್ತೆ. ಪ್ರತಿ ಎಸಳಿನಲ್ಲೂ ಬುಡದಿಂದ ಅಂಚಿನವರೆಗೆ ಬೀಸಣಿಗೆಯಂತೆ ಹರಡಿದ ಸಣ್ಣ ಸಣ್ಣ ಗೆರೆಗಳು, ಬುಡದ ಹತ್ತಿರ ಬಣ್ಣ ಗಾಢ. ನಡುವೆ ಉದ್ದ ದಂಡು, ಅದರ ಮೇಲೆ ಕೂದಲಿನಷ್ಟು ಸಣ್ಣ ಎಳೆಗಳ ತುದಿಯಲ್ಲಿ ಹಳದಿ ಪರಾಗ, ಕೊನೆಯಲ್ಲಿ ಐದು ಕೆಂಪು ಗುಂಡುಗಳು. ಆ ಎಳೆಗಳನ್ನು ಪೆನ್ಸಿಲಿನಲ್ಲಿ ಎಳೆದರೆ ಗೆರೆ ನಡುನಡುವೆ ತುಂಡಾಗುತ್ತಿತ್ತು. ಕೋಲ್ಡ್ ಪ್ರೆಸ್ ಹಾಳೆಗೆ ಉಬ್ಬು ತಗ್ಗು ಇರುತ್ತಲ್ಲ, ಪೆನ್ಸಿಲ್ ಉಬ್ಬನ್ನು ಮುಟ್ಟುತ್ತೆ, ತಗ್ಗನ್ನು ದಾಟಿ ಹೋಗುತ್ತೆ. ಅಳಿಸಿ ಮತ್ತೆ ಎಳೆದೆ, ಮತ್ತೆ ಅಳಿಸಿದೆ. ಮೊದಲ ಪದರ ಬಣ್ಣ ಹಾಕಿದಾಗ ಅಳಿಸಿದ ಜಾಗವೆಲ್ಲ ಕಪ್ಪಗೆ ಕಲೆಕಲೆಯಾಗಿ ಎದ್ದು ಬಂತು. ಎರಡನೇ ಪದರ ಹಾಕುವಾಗ ಕೆಳಗಿನ ಬಣ್ಣವೂ ಕದಡಿತು. ಬೆಳಕು ಬಿದ್ದ ಕಡೆ ಸ್ವಲ್ಪ ಬಣ್ಣ ಎತ್ತೋಣ ಅಂತ ಒದ್ದೆ ಬ್ರಶ್ಶಿನಲ್ಲಿ ಉಜ್ಜಿದೆ ನೋಡಿ, ಹಳೇ ಸ್ವೆಟರ್ ಮೇಲೆ ಏಳುವ ಗುಂಜಿನ ಹಾಗೆ ಹಾಳೆಯೇ ಎದ್ದು ಬಂತು. ದಾಸವಾಳ ಅರಳಿರುವುದು ಹೆಚ್ಚೆಂದರೆ ಒಂದೆರಡು ದಿನ. ನಾನು ಹಾಳೆ ಜೊತೆ ಗುದ್ದಾಡಿ ಮುಗಿಸುವಷ್ಟರಲ್ಲಿ ಅದು ಮುದುಡಿ ಬಿದ್ದಿತ್ತು.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತೆ ಅನ್ನೋದು, ಅಷ್ಟೇ. ನೀರು ಬಿದ್ದರೆ ಹಾಳೆ ಎಷ್ಟು ಸೊಟ್ಟಗಾಗಬಹುದು ಅನ್ನೋದರ ಅಂದಾಜು ಅದರಿಂದ ಸಿಗುತ್ತೆ. ಹೂವಿನ ಸಣ್ಣ ಗೆರೆ ಹಾಳೆ ಮೇಲೆ ನಿಲ್ಲುತ್ತಾ, ಐದಾರು ಪದರ ಬಣ್ಣ ತಡೆಯುತ್ತಾ, ಅಳಿಸಿದರೆ ಮೈ ಹಾಳಾಗುತ್ತಾ ಅಂತ ಕೇಳಿದರೆ ಆ ಸಂಖ್ಯೆ ಬಾಯಿ ಬಿಡಲ್ಲ. ಅದಕ್ಕೆ ಬೇರೆ ಮೂರು ವಿಷಯ ನೋಡಬೇಕು. ಮೊದಲನೆಯದು ಮೇಲ್ಮೈ. ಬಿಸಿ ರೋಲರ್‌ಗಳ ನಡುವೆ ಒತ್ತಿ ನುಣುಪು ಮಾಡಿದ್ದು ಹಾಟ್ ಪ್ರೆಸ್, ಬೊಟಾನಿಕಲ್‌ಗೆ ಬಹುತೇಕ ಎಲ್ಲರೂ ಬಳಸೋದು ಅದನ್ನೇ. ಎರಡನೆಯದು ನಾರು, ಅಂದರೆ ಹತ್ತಿಯೋ ಮರದ ತಿರುಳೋ ಅನ್ನೋದು. ಹತ್ತಿಯ ನಾರು ಉದ್ದ, ಗಟ್ಟಿ, ಉಜ್ಜಾಟ ತಡೆಯುತ್ತೆ. ಮೂರನೆಯದು ಸೈಜಿಂಗ್. ಇದನ್ನು ಯಾರೂ ಹೇಳಿಕೊಡಲ್ಲ, ನನ್ನ ಬುಕ್ ಕೈಕೊಟ್ಟಿದ್ದು ಜಾಸ್ತಿ ಇದರಲ್ಲೇ. ಹಾಳೆ ಬಣ್ಣವನ್ನು ಕುಡಿದುಬಿಡದ ಹಾಗೆ ಅದಕ್ಕೆ ಹಾಕುವ ಅಂಟಿನಂಥ ವಸ್ತು ಅದು. ಕೆಲವು ಹಾಳೆಗಳಲ್ಲಿ ಜೆಲಟಿನ್ ಇರುತ್ತೆ, ಕೆಲವದರಲ್ಲಿ ಬೇರೆ ಏನೋ. ಅದು ಸರಿಯಾಗಿದ್ದರೆ ಬಣ್ಣ ಸ್ವಲ್ಪ ಹೊತ್ತು ಮೇಲೇ ನಿಂತು, ನಿಮಗೆ ಬೇಕಾದ ಕಡೆ ಹರಿದು, ಆಮೇಲೆ ಒಣಗುತ್ತೆ. ಕಡಿಮೆಯಿದ್ದರೆ ಬ್ರಶ್ ಮುಟ್ಟಿದ ಕಡೆಯೇ ಸೋರಿ ಒಳಗೆ ಹೋಗುತ್ತೆ. ಹಾಳೆ ಮುನ್ನೂರಲ್ಲ, ಆರುನೂರು ಜಿಎಸ್‌ಎಂ ಇದ್ದರೂ ಸೈಜಿಂಗ್ ಕೆಟ್ಟಿದ್ದರೆ ಅಷ್ಟೇ.

ಈಗ ನಿಮ್ಮ ಪ್ರಶ್ನೆಗೇ ತಕರಾರು. ಎರಡಕ್ಕೂ ಒಂದೇ ಬುಕ್ ಯಾಕೆ ಬೇಕು? ಹಾಟ್ ಪ್ರೆಸ್ ಮೇಲೆ ಒದ್ದೆ ಮೋಡ ಬರೆದು ನೋಡಿ, ಬಣ್ಣ ಕೊಳದ ಹಾಗೆ ನಿಲ್ಲುತ್ತೆ, ಅಂಚು ಗಟ್ಟಿಯಾಗುತ್ತೆ, ಹೂಕೋಸಿನಂಥ ಕಲೆ ಏಳುತ್ತೆ. ಕೋಲ್ಡ್ ಪ್ರೆಸ್ ಮೇಲೆ ಕೇಸರದ ಎಳೆ ಬರೆದರೆ ನನ್ನ ಗತಿಯೇ. ಎರಡಕ್ಕೂ ಆಗುತ್ತೆ ಅಂತ ಮಾರುವ ಬುಕ್ಕು ಎರಡಕ್ಕೂ ಅರೆಬರೆ ಅಂತಲೇ ನನ್ನ ಅನುಭವ. ಜಗಳ ಆಡುವವರು ಆಡಲಿ.

ಇನ್ನೂ ಒಂದು ಮಾತು, ಕೇಳಿದರೆ ಬೇಜಾರಾಗಬಹುದು. ಫೈನಲ್ ಚಿತ್ರವನ್ನು ಬುಕ್ಕಿನಲ್ಲಿ ಬರೀಲೇಬೇಡಿ. ಫರ್ಡಿನಾಂಡ್ ಬಾಯರ್ (1760–1826) ಅನ್ನೋ ಸಸ್ಯಚಿತ್ರಕಾರ 1801ರಲ್ಲಿ ಇನ್ವೆಸ್ಟಿಗೇಟರ್ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಹೋದಾಗ ಮಾಡಿದ್ದು ಇದನ್ನೇ. ಜಾಗದಲ್ಲಿ ಕೂತು ಬರೀ ಪೆನ್ಸಿಲ್ ಸ್ಕೆಚ್, ಅದರ ಮೇಲೆ ಪುಟ್ಟ ಪುಟ್ಟ ಸಂಖ್ಯೆಗಳು. ಒಂದೊಂದು ಸಂಖ್ಯೆ ಒಂದೊಂದು ಛಾಯೆ, ಅವು ಸಾವಿರದ ಹತ್ತಿರದವರೆಗೆ ಹೋಗುತ್ತಿದ್ದವು. ಇಂಗ್ಲೆಂಡಿಗೆ ವಾಪಸ್ ಬಂದ ಮೇಲೆ, ಗಿಡ ಕಣ್ಣ ಮುಂದೆ ಇಲ್ಲದಿದ್ದರೂ, ಆ ಸಂಖ್ಯೆ ನೋಡಿಕೊಂಡು ಬಣ್ಣ ಹಾಕಿದ. ಅಂದರೆ ಅವನ ಸ್ಕೆಚ್ಚುಗಳು ಮಾಹಿತಿ ಹಿಡಿದಿಡುವುದಕ್ಕೆ, ಗೋಡೆಗೆ ಹಾಕುವುದಕ್ಕಲ್ಲ. ನಮಗೆ ಸಾವಿರ ಛಾಯೆ ನೆನಪಿರಲ್ಲ, ಪರವಾಗಿಲ್ಲ. ಎಲೆಯ ಪಕ್ಕದಲ್ಲೇ ನೀವು ಬೆರೆಸಿದ ಹಸಿರಿನ ಒಂದು ಚೌಕ ಹಾಕಿ, ಯಾವ ಯಾವ ಬಣ್ಣ ಬೆರೆಸಿದ್ದು ಅಂತ ಬರೆದಿಡಿ, ಎಸಳಿನ ಅಳತೆ ಮಿಲಿಮೀಟರಿನಲ್ಲಿ ಬರೆಯಿರಿ, ಎಲೆ ಕಾಂಡಕ್ಕೆ ಸೇರುವ ಜಾಗವನ್ನು ದೊಡ್ಡದಾಗಿ ಒಂದು ಸಲ ಬಿಡಿಸಿ. ಬುಕ್ಕಿಗೆ ಅಷ್ಟು ಕೆಲಸ ಸಾಕು. ಬೈಂಡಿಂಗ್ ಆದ ಪುಟದಲ್ಲಿ ಒಂದು ಒಳ್ಳೇ ಚಿತ್ರ ಬಂದುಬಿಟ್ಟರೆ ಅದನ್ನು ಕತ್ತರಿಸಲೂ ಮನಸ್ಸಾಗಲ್ಲ, ಫ್ರೇಮಿಗೂ ಹಾಕಕ್ಕಾಗಲ್ಲ. ಹಿಂದಿನ ಪುಟದಲ್ಲಿ ಇನ್ನೊಂದು ಚಿತ್ರ ಇದ್ದರಂತೂ ಮುಗೀತು.

ಹಾಗಾಗಿ ನೋಟ್ಸ್‌ಗೆ ನುಣುಪಾದ, ಹೊಲಿಗೆ ಬೈಂಡಿಂಗ್ ಇರುವ, ಚಪ್ಪಟೆಯಾಗಿ ತೆರೆಯುವ ಬುಕ್ ತಗೊಳ್ಳಿ. ಸ್ಟಿಲ್‌ಮನ್ ಅಂಡ್ ಬರ್ನ್ ಕಂಪನಿಯ ಝೀಟಾ ಸೀರೀಸ್ 270 ಜಿಎಸ್‌ಎಂ, ಮೈ ನುಣುಪು, ಪೆನ್ಸಿಲ್ಲಿಗೂ ಸಣ್ಣ ವಾಶ್‌ಗೂ ಆಗುತ್ತೆ. ಬೀಟಾ ಅಂತ ಅದರ ಅಣ್ಣನೊಬ್ಬ ಇದ್ದಾನೆ, ಅದು ಕೋಲ್ಡ್ ಪ್ರೆಸ್, ಗಡಿಬಿಡಿಯಲ್ಲಿ ಅದನ್ನು ಹೊತ್ತು ತರಬೇಡಿ. ಉದ್ದುದ್ದ ಪುಟದ ಎ4 ಇರಲಿ, ಗಿಡವನ್ನು ಅದರ ನಿಜ ಅಳತೆಯಲ್ಲೇ ಬರೆಯಬೇಕು ಅಂದರೆ ಎ5 ಸಾಲಲ್ಲ. ಸ್ಪೈರಲ್ ಬುಕ್ ನನಗೆ ಹಿಡಿಸಲ್ಲ, ಕೈ ಇಡಲು ಜಾಗ ಸಿಗಲ್ಲ, ಅದು ನನ್ನ ಕೈಯ ಕಥೆ. ಫೈನಲ್‌ಗೆ ಬಿಡಿ ಹಾಳೆ: ಆರ್ಶ್, ಫ್ಯಾಬ್ರಿಯಾನೋ ಆರ್ಟಿಸ್ಟಿಕೋ, ಸಾಂಡರ್ಸ್ ವಾಟರ್‌ಫೋರ್ಡ್, ಮೂರರಲ್ಲಿ ಯಾವುದಾದರೂ ಸರಿ, ಹಾಟ್ ಪ್ರೆಸ್ ಅಂತ ನೋಡಿ ತಗೊಳ್ಳಿ. ಮೂರೂ ಪೂರ್ತಿ ಹತ್ತಿ. 56 ಗುಣಿಸು 76 ಸೆಂಟಿಮೀಟರಿನ ಒಂದು ಪೂರ್ತಿ ಹಾಳೆಯನ್ನು ಎಂಟು ಭಾಗ ಮಾಡಿದರೆ ಒಂದೊಂದು 19 ಗುಣಿಸು 28 ಬರುತ್ತೆ. ಅಭ್ಯಾಸಕ್ಕೆ ಅದೇ ಧಾರಾಳ.

ಯಾವ ಬುಕ್ಕೇ ಆಗಲಿ, ಕೊನೆಯ ಪುಟದಲ್ಲಿ ಮೊದಲು ಪರೀಕ್ಷೆ ಮಾಡಿ. ಗೆರೆ ಎಳೆದು ಅಳಿಸಿ, ಅಳಿಸಿದ ಜಾಗದ ಮೇಲೇ ಒಂದು ಎಸಳು ಬರೆಯಿರಿ. ಪೂರ್ತಿ ಒಣಗಿದ ಮೇಲೆ ಎರಡನೇ ಪದರ, ಮೂರನೇ ಪದರ. ಆಮೇಲೆ ಒದ್ದೆ ಬ್ರಶ್ಶಿನಲ್ಲಿ ಉಜ್ಜಿ ಬಣ್ಣ ಎತ್ತಿ. ಮಾಸ್ಕಿಂಗ್ ಫ್ಲೂಯಿಡ್ (ಬಣ್ಣ ತಾಗಬಾರದ ಜಾಗಕ್ಕೆ ಹಚ್ಚಿ ಆಮೇಲೆ ಕೀಳುವ ದ್ರವ) ಬಳಸುವವರಾದರೆ ಒಂದು ಚುಕ್ಕೆ ಹಚ್ಚಿ, ಒಣಗಿಸಿ, ಕಿತ್ತು ನೋಡಿ, ಜೊತೆಗೆ ಹಾಳೆ ಕಿತ್ತು ಬರಬಾರದು.

ಮತ್ತೆ, ಕೈ ಕುದುರಿದ ಮೇಲೆ ಬಳಸ್ತೀನಿ ಅಂತ ಹತ್ತಿ ಹಾಳೆಯನ್ನು ವರ್ಷಗಟ್ಟಲೆ ಎತ್ತಿಡಬೇಡಿ. ತೇವದ ಗಾಳಿಯಲ್ಲಿ ಸೈಜಿಂಗ್ ಸಾಯುತ್ತೆ, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗಲ್ಲ, ಬಣ್ಣ ಹಾಕಿದಾಗಲೇ ಮಚ್ಚೆ ಮಚ್ಚೆಯಾಗಿ ಕಾಣಿಸಿಕೊಳ್ಳೋದು. ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದ ಹಾಗೆ ಮುಚ್ಚಿಡಿ. ಹಳೇ ಹಾಳೆ ಕೈಗೆ ಸಿಕ್ಕರೆ ಮೂಲೆಯಲ್ಲಿ ಒಂದು ಹನಿ ನೀರು ಬಿಡಿ. ಹನಿ ಉಬ್ಬಿ ನಿಂತರೆ ಬರೆಯಿರಿ. ಬಿದ್ದ ಕೂಡಲೇ ಹೀರಿಕೊಂಡರೆ ಅದನ್ನು ಪೆನ್ಸಿಲ್ ಕೆಲಸಕ್ಕೆ ಇಟ್ಟುಕೊಳ್ಳಿ.